ವಾಹನ ಪ್ರಶ್ನೋತ್ತರ: ನೆಲಕ್ಕೆ ಮೊದಲು ತಾಗುವುದು ಯಾವುದು?

ಕಳೆದ ಸಂಚಿಕೆಯಲ್ಲಿ ಫೋರ್ ಬೈ ಫೋರ್ ಗೇರುಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ನಿನ ಶಕ್ತಿಯನ್ನು ಕುರಿತವಲ್ಲ. ಎಸ್‌ಯುವಿಯ ಮೂತಿ, ಹೊಟ್ಟೆ ಮತ್ತು ಬಾಲವನ್ನು ಕುರಿತವು. ಆದ್ದರಿಂದ ಈ ಸಲದ ಪುಟಗಳನ್ನು ವಾಹನದ ದೇಹದ ಅಳತೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ತೋಟದ ಗೇಟಿನ ಮುಂದೆ ಮೋರಿ ಹಾಕಿ ಮಣ್ಣು ಏರಿಸಿದ್ದರಿಂದ ಒಂದು ದಿಬ್ಬವಾಗಿದೆ. ಹೊಸದಾಗಿ ಕೊಂಡ ಎಸ್‌ಯುವಿಯ ಗ್ರೌಂಡ್ ಕ್ಲಿಯರೆನ್ಸ್ 205 ಮಿ.ಮೀ. ಎಂದು ಕಂಪನಿಯವರು ಹೇಳುತ್ತಾರೆ. ಆದರೂ ದಿಬ್ಬ ದಾಟುವಾಗ ಹೊಟ್ಟೆ ಕೆರೆಯುತ್ತದೆ. ಪಕ್ಕದ ತೋಟದವರ ಹಳೆಯ ಜಿಪ್ಸಿ ಅದೇ ದಿಬ್ಬವನ್ನು ಸಲೀಸಾಗಿ ದಾಟುತ್ತದೆ. ಅದರ ಕ್ಲಿಯರೆನ್ಸ್ ಕೂಡ ಹೆಚ್ಚುಕಡಿಮೆ ಇಷ್ಟೇ ಅಂತೆ. ನನ್ನ ಗಾಡಿಯಲ್ಲಿ ಏನಾದರೂ ದೋಷವಿದೆಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ದೋಷವೇನೂ ಇಲ್ಲ. ನೀವು ನೋಡಿ ಕೊಂಡ ಅಂಕಿ ನಿಮ್ಮ ದಿಬ್ಬಕ್ಕೆ ಸಂಬಂಧಿಸಿದ ಅಂಕಿಯಲ್ಲ, ಅಷ್ಟೇ. ಗ್ರೌಂಡ್ ಕ್ಲಿಯರೆನ್ಸ್ ಎಂದರೆ ಸಮತಟ್ಟಾದ ನೆಲದ ಮೇಲೆ ಗಾಡಿ ನಿಂತಿರುವಾಗ ಅದರ ಅಡಿಭಾಗದಲ್ಲಿ ಎಲ್ಲಕ್ಕಿಂತ ಕೆಳಗೆ ಇಳಿಬಿದ್ದಿರುವ ಭಾಗಕ್ಕೂ ನೆಲಕ್ಕೂ ಇರುವ ಅಂತರ. ದಾರಿಯ ಮಧ್ಯೆ ಬಿದ್ದಿರುವ ಕಲ್ಲನ್ನು ಎರಡು ಗಾಲಿಗಳ ನಡುವೆ ಬಿಟ್ಟು ದಾಟಿಸುವಾಗ ಈ ಅಂಕಿ ನೇರವಾಗಿ ಕೆಲಸಕ್ಕೆ ಬರುತ್ತದೆ. ದಿಬ್ಬದ ನೆತ್ತಿಯಲ್ಲಿ ಮಾತ್ರ ಮುಂದಿನ ಗಾಲಿಗಳು ಆಚೆಯ ಇಳಿಜಾರಿನಲ್ಲೂ ಹಿಂದಿನ ಗಾಲಿಗಳು ಈಚೆಯ ಏರಿನಲ್ಲೂ ಇರುವುದರಿಂದ, ಆ ಎರಡು ಜೊತೆ ಗಾಲಿಗಳ ನಡುವಿನ ದೂರ, ಅಂದರೆ ವ್ಹೀಲ್‌ಬೇಸ್, ಎಷ್ಟು ಉದ್ದವೋ ಅಷ್ಟು ಆಳಕ್ಕೆ ಗಾಡಿಯ ನಡುಭಾಗ ನೆಲದ ಕಡೆಗೆ ಬರುತ್ತದೆ. ಇದನ್ನು ಅಳೆಯುವ ಅಂಕಿಗೆ ಬ್ರೇಕ್‌ಓವರ್ ಆ್ಯಂಗಲ್ ಎನ್ನುತ್ತಾರೆ. ಕೆಲವು ಕಂಪನಿಗಳು ರ‍್ಯಾಂಪ್‌ಓವರ್ ಎಂದೂ ಬರೆಯುತ್ತವೆ.

ಲೆಕ್ಕ ಕಷ್ಟದ್ದಲ್ಲ. ನಡುಭಾಗದ ಕ್ಲಿಯರೆನ್ಸನ್ನು ವ್ಹೀಲ್‌ಬೇಸಿನ ಅರ್ಧದಿಂದ ಭಾಗಿಸಿದರೆ ಒಂದು ಬದಿಯ ಇಳಿಜಾರು ಸಿಗುತ್ತದೆ. ಆ ಇಳಿಜಾರಿನ ಕೋನದ ಎರಡರಷ್ಟು ನಮಗೆ ಬೇಕಾದ ಕೋನ. ಟೈರಿನ ದುಂಡಗಿನಿಂದ ಉತ್ತರ ಸ್ವಲ್ಪ ವ್ಯತ್ಯಾಸವಾಗುತ್ತದೆಯಾದರೂ ತೋಟದ ದಾರಿಗೆ ಈ ಲೆಕ್ಕ ಸಾಕು. ನೀವು ತಿಳಿಸಿರುವ ಮಾದರಿಯ ವ್ಹೀಲ್‌ಬೇಸ್ 2,740 ಮಿ.ಮೀ. ಅದರ ಅರ್ಧ 1,370. ಕ್ಲಿಯರೆನ್ಸ್ 205 ಎಂದು ಹಿಡಿದರೆ ಎರಡೂ ಬದಿ ಸೇರಿ ಸುಮಾರು 17 ಡಿಗ್ರಿ ಬರುತ್ತದೆ. ಪಕ್ಕದವರ ಜಿಪ್ಸಿಯ ವ್ಹೀಲ್‌ಬೇಸ್ 2,375 ಮಿ.ಮೀ., ಕ್ಲಿಯರೆನ್ಸ್ 210. ಅದಕ್ಕೆ ಸುಮಾರು 20 ಡಿಗ್ರಿ ಬರುತ್ತದೆ. ಈಗ ನಿಮ್ಮ ದಿಬ್ಬ ಪ್ರತಿ ಬದಿಯಲ್ಲೂ ಆರು ಅಡಿಗೆ ಒಂದು ಅಡಿಯಂತೆ ಏರಿ, ನೆತ್ತಿಯಲ್ಲಿ ಚೂಪಾಗಿದೆ ಎಂದಿಟ್ಟುಕೊಳ್ಳೋಣ. ಎರಡು ಇಳಿಜಾರುಗಳ ನಡುವಿನ ತಿರುವು 19 ಡಿಗ್ರಿ ಆಗುತ್ತದೆ. ಜಿಪ್ಸಿ ಕೂದಲೆಳೆಯಲ್ಲಿ ಪಾರಾಗುತ್ತದೆ, ನಿಮ್ಮ ಗಾಡಿ ಕೆರೆದುಕೊಳ್ಳುತ್ತದೆ.

ವಾಸ್ತವದಲ್ಲಿ ಜಿಪ್ಸಿಗೆ ಇನ್ನೂ ಹೆಚ್ಚಿನ ಅನುಕೂಲವಿದೆ. ಅದರ ಮುಂದೆ ಹಿಂದೆ ಎರಡೂ ಕಡೆ ಇರುವುದು ಗಟ್ಟಿ ಆ್ಯಕ್ಸಲ್, ಅಂದರೆ ಎಡಬಲ ಗಾಲಿಗಳನ್ನು ಜೋಡಿಸುವ ಒಂದೇ ಗಟ್ಟಿ ತೊಲೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಆ್ಯಕ್ಸಲ್ಲಿನ ಡಿಫರೆನ್ಷಿಯಲ್ ಗುಂಡು, ಅಂದರೆ ಎಂಜಿನ್ನಿನ ಬಲವನ್ನು ಎರಡು ಗಾಲಿಗಳಿಗೆ ಹಂಚುವ ಗೇರುಗಳಿರುವ ಉಬ್ಬು. ಅದು ಗಾಲಿಗಳ ಸಾಲಿನಲ್ಲೇ ಇರುವುದರಿಂದ ದಿಬ್ಬ ಏರುವಾಗ ಗಾಲಿಗಳ ಜೊತೆಗೇ ಏರುತ್ತದೆ, ಇಳಿಯುವಾಗ ಜೊತೆಗೇ ಇಳಿಯುತ್ತದೆ. ನೆತ್ತಿಗೆ ಎದುರಾಗುವ ಚಾಸಿಯ, ಅಂದರೆ ದೇಹವನ್ನು ಹೊರುವ ಉಕ್ಕಿನ ಚೌಕಟ್ಟಿನ, ನಡುಭಾಗ 210 ಮಿ.ಮೀ.ಗಿಂತ ಎತ್ತರದಲ್ಲಿದೆ. ಚಾಸಿ ಇಲ್ಲದೆ ಇಡೀ ದೇಹವನ್ನೇ ಒಂದು ಪೆಟ್ಟಿಗೆಯಾಗಿ ಕಟ್ಟುವ ಇಂದಿನ ಎಸ್‌ಯುವಿಗಳಲ್ಲಾದರೋ ಸೈಲೆನ್ಸರ್ ಕೊಳವೆ, ಎಂಜಿನ್ ಕೆಳಗಿನ ತಗಡು, ಬಾಗಿಲ ಕೆಳಗಿನ ಅಂಚು ಇವೆಲ್ಲ ಗಾಲಿಗಳ ನಡುವೆಯೇ ಬರುತ್ತವೆ. ಅಂಕಿ ಒಂದೇ ಆದರೂ ಅದನ್ನು ಅಳೆದ ಜಾಗ ಬೇರೆ.

ವ್ಹೀಲ್‌ಬೇಸ್ ಎಷ್ಟು ದೊಡ್ಡ ಪಾತ್ರ ವಹಿಸುತ್ತದೆ ಎಂಬುದಕ್ಕೆ ಥಾರ್ ಒಳ್ಳೆಯ ಉದಾಹರಣೆ. 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ಗೆ ವ್ಹೀಲ್‌ಬೇಸ್ 2,450 ಮಿ.ಮೀ.; 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ಗೆ 2,850. ಮುಂದಿನ ಬಂಪರು ತಾಗದೆ ಏರಬಹುದಾದ ಇಳಿಜಾರು, ಅಂದರೆ ಮೂತಿಯ ಕೋನ, ಎರಡಕ್ಕೂ 41 ಡಿಗ್ರಿಯ ಆಸುಪಾಸು; ಹಿಂದಿನ ಬಂಪರಿನ ಅಂಥದೇ ಕೋನ 36ರ ಆಸುಪಾಸು. ಬ್ರೇಕ್‌ಓವರ್ ಮಾತ್ರ 27ರಿಂದ ಸುಮಾರು 24ಕ್ಕೆ ಇಳಿದಿದೆ. ಜಿಮ್ನಿಯಲ್ಲೂ ಇದೇ ಕಥೆ: ಮೂರು ಬಾಗಿಲಿನದಕ್ಕೆ 2,250 ಮಿ.ಮೀ. ವ್ಹೀಲ್‌ಬೇಸ್ ಮತ್ತು 28 ಡಿಗ್ರಿ, ನಮ್ಮಲ್ಲಿ ಮಾರುವ ಐದು ಬಾಗಿಲಿನದಕ್ಕೆ 2,590 ಮಿ.ಮೀ. ಮತ್ತು 24 ಡಿಗ್ರಿ. ಹಿಂದಿನ ಸೀಟಿನವರಿಗೆ ಕಾಲು ಚಾಚಲು ಸಿಕ್ಕ ಜಾಗಕ್ಕೆ ಬೆಲೆ ಕಟ್ಟಿದ್ದು ಗಾಡಿಯ ಹೊಟ್ಟೆ. ಸಂಸಾರಸ್ಥರಿಗೆ ಇದು ನ್ಯಾಯವಾದ ವ್ಯಾಪಾರವೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಕೊಯ್ಲಿನ ದಿನಗಳಲ್ಲಿ ಹಿಂದೆ ಮೂರು ಜನ ಕೂತು, ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿದರೆ ಸ್ಪ್ರಿಂಗ್ ಕುಸಿದು 205 ಎಂಬ ಅಂಕಿ ಕಾಗದದಲ್ಲಷ್ಟೇ ಉಳಿಯುತ್ತದೆ. ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸುವ ಮೊದಲು ಅವು ಖಾಲಿ ಗಾಡಿಯವೋ ತುಂಬಿದ ಗಾಡಿಯವೋ ಎಂದು ಕೇಳಿ ತಿಳಿದುಕೊಳ್ಳಬೇಕು.

ಪರಿಹಾರ ಗಾಡಿಯಲ್ಲಿಲ್ಲ, ದಿಬ್ಬದಲ್ಲಿದೆ. ಮೋರಿಯ ಎರಡೂ ಕಡೆ ಇನ್ನಷ್ಟು ಮಣ್ಣು ಹಾಕಿಸಿ ಏರನ್ನು ಎಂಟು ಅಡಿಗೆ ಒಂದು ಅಡಿಯಷ್ಟು ಮಾಡಿಸಿದರೆ ಒಟ್ಟು ತಿರುವು ಸುಮಾರು 14 ಡಿಗ್ರಿಗೆ ಇಳಿಯುತ್ತದೆ, ಗಾಡಿ ತುಂಬಿದ್ದರೂ ದಾಟುತ್ತದೆ. ಅಲ್ಲಿಯವರೆಗೆ ದಾರಿ ಅಗಲವಿದ್ದರೆ ದಿಬ್ಬವನ್ನು ನೇರವಾಗಿ ಏರದೆ ಸ್ವಲ್ಪ ಓರೆಯಾಗಿ ಏರಿ. ಆಗ ನಾಲ್ಕು ಗಾಲಿಗಳೂ ಒಂದಾದ ಮೇಲೊಂದರಂತೆ ಏರುವುದರಿಂದ ಹೊಟ್ಟೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಮಳೆಗಾಲದಲ್ಲಿ ಮೋರಿಯ ಅಂಚು ಕುಸಿಯುವಂತಿದ್ದರೆ ಈ ಉಪಾಯ ಬೇಡ.

ಪ್ರಶ್ನೆ: ಅಪ್ರೋಚ್ ಆ್ಯಂಗಲ್, ಡಿಪಾರ್ಚರ್ ಆ್ಯಂಗಲ್ ಎಂದು ಜಾಹೀರಾತುಗಳಲ್ಲಿ ಓದುತ್ತೇನೆ. ನಾನು ಕೊಳ್ಳಬೇಕೆಂದಿರುವ ಗಾಡಿಯ ಕಾಗದದಲ್ಲಿ ಇವೆರಡೂ ಇಲ್ಲ, ಷೋರೂಮಿನಲ್ಲಿ ಕೇಳಿದರೆ ಯಾರಿಗೂ ತಿಳಿಯದು. ನಾನೇ ಅಳೆಯಬಹುದೇ? ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರು ತುಂಬ ಕಡಿದಾಗಿದೆ, ಅದಕ್ಕಾಗಿ ಕೇಳುತ್ತಿದ್ದೇನೆ.
— ಓದುಗರು, ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ಖಂಡಿತ ಅಳೆಯಬಹುದು, ಷೋರೂಮಿನ ನುಣುಪು ನೆಲದ ಮೇಲೆಯೇ ಅಳೆಯಬಹುದು. ಮುಂದಿನ ಟೈರಿಗೆ ತಾಗಿದಂತೆ ಹೊರಟು ಬಂಪರಿನ ಕೆಳಗಿನ ಅಂಚನ್ನು ಮುಟ್ಟುವ ರೇಖೆಗೂ ನೆಲಕ್ಕೂ ನಡುವಿನ ಕೋನವೇ ಅಪ್ರೋಚ್ ಆ್ಯಂಗಲ್. ಹಿಂದಿನ ಟೈರು ಮತ್ತು ಹಿಂದಿನ ಬಂಪರಿನ ನಡುವೆ ಅದೇ ರೀತಿ ಎಳೆದ ರೇಖೆಯದು ಡಿಪಾರ್ಚರ್ ಆ್ಯಂಗಲ್. ನೆಟ್ಟಗಿರುವ ಒಂದು ಮರದ ಪಟ್ಟಿಯನ್ನು ತೆಗೆದುಕೊಂಡು ಅದರ ಒಂದು ತುದಿಯನ್ನು ಟೈರಿನ ಮುಂದೆ ನೆಲಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಯ ಮೈ ಟೈರಿಗೂ ತಾಗಬೇಕು, ಮೇಲ್ತುದಿ ಬಂಪರಿಗೂ ತಾಗಬೇಕು. ಪಟ್ಟಿಯ ಮೇಲೆ ಮೊಬೈಲ್ ಇಟ್ಟು ಅದರಲ್ಲಿರುವ ಮಟ್ಟ ನೋಡುವ ಆ್ಯಪ್ ತೆರೆದರೆ ಕೋನ ತಾನಾಗಿ ಕಾಣಿಸುತ್ತದೆ. ಪಟ್ಟಿ ಇಲ್ಲದಿದ್ದರೆ ಟೇಪು ಸಾಕು. ಟೈರು ನೆಲಕ್ಕೆ ತಾಗುವ ಬಿಂದುವಿನಿಂದ ಬಂಪರಿನ ಅಂಚಿನ ನೇರ ಕೆಳಗಿನವರೆಗಿನ ದೂರ 700 ಮಿ.ಮೀ., ಅಂಚಿನ ಎತ್ತರ 280 ಮಿ.ಮೀ. ಇದ್ದರೆ ಕೋನ ಸುಮಾರು 22 ಡಿಗ್ರಿ. ಟೈರು ದುಂಡಗಿರುವುದರಿಂದ ನಿಜವಾದ ಕೋನ ಇದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚೇ ಇರುತ್ತದೆ, ಆದ್ದರಿಂದ ಟೇಪಿನ ಲೆಕ್ಕ ನಿಮ್ಮನ್ನು ಮೋಸಗೊಳಿಸುವುದಿಲ್ಲ. ಅಳೆಯುವಾಗ ಬಂಪರಿನ ಬಣ್ಣ ಬಳಿದ ಭಾಗವನ್ನಲ್ಲ, ಅದರ ಕೆಳಗೆ ಗಾಳಿ ತಡೆಯಲು ನೇತುಹಾಕಿರುವ ಕಪ್ಪು ರಬ್ಬರಿನ ಅಂಚನ್ನು ಗಮನಿಸಿ. ಮೊದಲು ತಾಗುವುದು ಅದೇ. ಹಿಂಭಾಗದಲ್ಲಿ ಬಗ್ಗಿ ನೋಡಬೇಕಾದ್ದು ಸೈಲೆನ್ಸರಿನ ಬಾಯಿ, ಕೆಳಗೆ ನೇತುಹಾಕಿದ ಸ್ಟೆಪ್ನಿ ಮತ್ತು ಟ್ರೈಲರ್ ಎಳೆಯಲು ಹಾಕಿಸಿದ ಕೊಕ್ಕೆ.

ನೆಲಮಾಳಿಗೆಯ ಇಳಿಜಾರು ಎಷ್ಟು ಕಡಿದಾಗಿ ಕಂಡರೂ 15 ಡಿಗ್ರಿ ದಾಟುವುದು ಅಪರೂಪ, ಹೀಗಾಗಿ ಸಾಮಾನ್ಯ ಎಸ್‌ಯುವಿಯ ಮೂತಿಗೆ ಅಲ್ಲಿ ಭಯವಿಲ್ಲ. ಅಲ್ಲಿ ತೊಂದರೆ ಕೊಡುವುದು ರಸ್ತೆಯ ಮಟ್ಟದಿಂದ ಇಳಿಜಾರಿಗೆ ತಿರುಗುವ ಅಂಚು, ಅಂದರೆ ಮೂಡಿಗೆರೆಯವರ ದಿಬ್ಬದ ಸಮಸ್ಯೆಯೇ. ಇಲ್ಲಿ ಒಂದು ಬದಿ ಸಮತಟ್ಟಾಗಿರುವುದರಿಂದ ಇಳಿಜಾರಿನ ಕೋನವನ್ನು ನೇರವಾಗಿ ಬ್ರೇಕ್‌ಓವರ್ ಕೋನದೊಂದಿಗೆ ಹೋಲಿಸಿದರಾಯಿತು.

ಎಸ್‌ಯುವಿಗಳ ಮೂತಿ ಏಕೆ ಚಾಚಿಕೊಂಡಿರುತ್ತದೆ ಎಂಬುದಕ್ಕೂ ಕಾರಣವಿದೆ. ಹಳೆಯ ಜೀಪಿನ ಎಂಜಿನ್ ಉದ್ದುದ್ದಕ್ಕೆ, ಬಹುಪಾಲು ಮುಂದಿನ ಆ್ಯಕ್ಸಲ್ಲಿನ ಹಿಂದೆ ಕೂರುತ್ತಿತ್ತು. ಗಾಲಿಗಳು ದೇಹದ ಮೂಲೆಯಲ್ಲಿರುತ್ತಿದ್ದವು. ಕಾರಿನ ತಳಹದಿಯ ಮೇಲೆ ಕಟ್ಟಿದ ಇಂದಿನ ಎಸ್‌ಯುವಿಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಅಡ್ಡಡ್ಡ, ಮುಂದಿನ ಗಾಲಿಗಳ ಸಾಲಿನ ಮೇಲೂ ಮುಂದೂ ಕೂರುತ್ತವೆ. ಅದರ ಮುಂದೆ ರೇಡಿಯೇಟರ್, ಅದರ ಮುಂದೆ ಅಪಘಾತದ ಪೆಟ್ಟನ್ನು ಹೀರುವ ತೊಲೆ, ಕೊನೆಗೆ ಪಾದಚಾರಿಗಳ ಕಾಲಿಗೆ ಹೆಚ್ಚು ಪೆಟ್ಟಾಗದಂತೆ ರೂಪಿಸಿದ ಬಂಪರು. ಇದೆಲ್ಲ ಸೇರಿ ಮೂತಿ ಉದ್ದವಾಗುತ್ತದೆ. ಇದನ್ನು ದೋಷವೆನ್ನಲಾಗದು, ಡಾಂಬರು ರಸ್ತೆಗೆ ಬೇಕಾದದ್ದೇ ಅದು.

ದುಬಾರಿ ಗಾಡಿಗಳ ಅಂಕಿ ಓದುವಾಗಲೂ ಒಂದು ಎಚ್ಚರ ಬೇಕು. ಲ್ಯಾಂಡ್ ರೋವರ್ ಡಿಫೆಂಡರ್ 110ರ ಅಪ್ರೋಚ್ 38, ಬ್ರೇಕ್‌ಓವರ್ 28 ಮತ್ತು ಡಿಪಾರ್ಚರ್ 40 ಡಿಗ್ರಿಗಳು, 291 ಮಿ.ಮೀ. ಕ್ಲಿಯರೆನ್ಸ್ ಇವೆಲ್ಲ ಗಾಳಿಯ ಸಸ್ಪೆನ್ಷನ್ ಗಾಡಿಯನ್ನು ಮೇಲೆತ್ತಿದ ಸ್ಥಿತಿಯವು. ಹೆದ್ದಾರಿಯಲ್ಲಿ ಓಡುವ ಎತ್ತರದಲ್ಲಿ ಅಷ್ಟಿರುವುದಿಲ್ಲ.

ಪ್ರಶ್ನೆ: ಯಾವ ವಾಹನವನ್ನು ಎಸ್‌ಯುವಿ ಎನ್ನಬೇಕು ಎಂದು ಕಾನೂನಿನಲ್ಲಿ ಎಲ್ಲಾದರೂ ಹೇಳಿದೆಯೇ, ಅಥವಾ ಕಂಪನಿಗಳು ಇಟ್ಟದ್ದೇ ಹೆಸರೇ?
— ಕಾನೂನು ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಜಾಹೀರಾತಿನಲ್ಲಿ ಕಂಪನಿಗಳು ಇಟ್ಟದ್ದೇ ಹೆಸರು. ತೆರಿಗೆಯ ವಿಷಯ ಬಂದಾಗ ಮಾತ್ರ ಸರ್ಕಾರ ಟೇಪು ಹಿಡಿಯುತ್ತದೆ. ನಮ್ಮಲ್ಲಿ ಜಿಎಸ್‌ಟಿಯ ಮೇಲೆ ಶೇ. 22ರ ಪರಿಹಾರ ಸೆಸ್ ಹಾಕುತ್ತಿದ್ದ ಕಾಲದಲ್ಲಿ ಉದ್ದ 4,000 ಮಿ.ಮೀ. ಮೀರಿರಬೇಕು, ಎಂಜಿನ್ 1,500 ಸಿಸಿ ಮೀರಿರಬೇಕು, ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಅಥವಾ ಹೆಚ್ಚಿರಬೇಕು ಎಂಬ ಅಳತೆಗಳಿದ್ದವು. ಖಾಲಿ ಗಾಡಿಯನ್ನು ಅಳೆಯಬೇಕೋ ತುಂಬಿದ್ದನ್ನೋ ಎಂಬ ತಕರಾರು ಎದ್ದು, ಖಾಲಿ ಗಾಡಿಯನ್ನೇ ಅಳೆಯಬೇಕೆಂದು ಜಿಎಸ್‌ಟಿ ಮಂಡಳಿ 2023ರ ಜುಲೈಯಲ್ಲಿ ಸ್ಪಷ್ಟಪಡಿಸಿತು. ಅದೇ ಸಭೆಯಲ್ಲಿ, ಯಾವ ಹೆಸರಿನಿಂದ ಕರೆದರೂ ಸರಿ, ಈ ಅಳತೆಗೆ ಬಂದರೆ ತೆರಿಗೆ ಒಂದೇ ಎಂದೂ ನಿರ್ಧಾರವಾಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ದೊಡ್ಡ ಗಾಡಿಗಳಿಗೆ ಶೇ. 40ರ ಒಂದೇ ದರ ಬಂದಿದೆ. ನಮ್ಮ ವ್ಯಾಖ್ಯೆಯಲ್ಲಿ ಕೋನದ ಮಾತೇ ಇಲ್ಲವೆಂಬುದನ್ನು ಗಮನಿಸಿ. ಗಾಡಿ ಎತ್ತರವಿದ್ದರಾಯಿತು, ಅದು ಕಾಡುದಾರಿಯಲ್ಲಿ ಹೋಗುತ್ತದೋ ಇಲ್ಲವೋ ತೆರಿಗೆ ಇಲಾಖೆಗೆ ಬೇಕಾಗಿಲ್ಲ.

ಅಮೆರಿಕದ ಇಂಧನ ಮಿತವ್ಯಯದ ನಿಯಮದಲ್ಲಿ ಕೋನಗಳೇ ಮುಖ್ಯ. ಅಲ್ಲಿ ಕಾರುಗಳಿಗಿಂತ ಲಘು ಟ್ರಕ್ಕುಗಳಿಗೆ ನಿಯಮ ಸಡಿಲ. ಒಂದು ವಾಹನವನ್ನು ಕಚ್ಚಾ ದಾರಿಯ ಲಘು ಟ್ರಕ್ಕೆಂದು ಪರಿಗಣಿಸಬೇಕಾದರೆ ಅದಕ್ಕೆ ಫೋರ್ ವ್ಹೀಲ್ ಡ್ರೈವ್ ಇರಬೇಕು, ಇಲ್ಲವೇ ತುಂಬಿದ ತೂಕದ ಮಿತಿ 6,000 ಪೌಂಡ್ ಮೀರಿರಬೇಕು. ಅದರ ಜೊತೆಗೆ ಅಪ್ರೋಚ್ ಕನಿಷ್ಠ 28 ಡಿಗ್ರಿ, ಬ್ರೇಕ್‌ಓವರ್ 14, ಡಿಪಾರ್ಚರ್ 20, ನಡುವಿನ ಕ್ಲಿಯರೆನ್ಸ್ 20 ಸೆಂ.ಮೀ., ಎರಡು ಆ್ಯಕ್ಸಲ್ಲುಗಳ ಕೆಳಗೆ ತಲಾ 18 ಸೆಂ.ಮೀ. ಎಂಬ ಐದು ಅಳತೆಗಳಲ್ಲಿ ನಾಲ್ಕನ್ನಾದರೂ ಪೂರೈಸಿರಬೇಕು. ಇದರ ಫಲವಾಗಿ ಒಂದೇ ಮಾದರಿಯ ಎರಡು ಗಾಲಿ ಚಾಲನೆಯ ಗಾಡಿ ಕಾರೆನಿಸಿಕೊಂಡು, ಅದರ ನಾಲ್ಕು ಗಾಲಿ ಚಾಲನೆಯ ಸಹೋದರ ಟ್ರಕ್ಕೆನಿಸಿಕೊಳ್ಳುವುದುಂಟು. ಸುಬಾರು ಕಂಪನಿ ತನ್ನ 2005ರ ಔಟ್‌ಬ್ಯಾಕ್ ಗಾಡಿಯನ್ನು, ಸೆಡಾನ್ ರೂಪದ್ದನ್ನೂ ಸೇರಿಸಿ, ಲಘು ಟ್ರಕ್ಕಿನ ವರ್ಗಕ್ಕೆ ಸರಿಹೊಂದುವಂತೆ ಎತ್ತರಿಸಿದ್ದು ಆಗ ದೊಡ್ಡ ಚರ್ಚೆಯಾಗಿತ್ತು. ಬಂಪರಿನ ಕೆಳತುದಿಯನ್ನು ಓರೆಯಾಗಿ ಕತ್ತರಿಸಿದ ಎಷ್ಟೋ ವಿನ್ಯಾಸಗಳ ಹಿಂದೆ ಗುಡ್ಡ ಹತ್ತುವ ಆಸೆಗಿಂತ ಈ 28 ಡಿಗ್ರಿಯ ಒತ್ತಡವೇ ಹೆಚ್ಚಿದ್ದರೆ ಅಚ್ಚರಿಯಿಲ್ಲ.

ಪ್ರಶ್ನೆ: ಕೊಡಚಾದ್ರಿಗೆ ಹೋಗುವ ಜೀಪುಗಳಲ್ಲಿ ಕೂತವರಿಗೆ ಗೊತ್ತು, ಗಾಡಿ ಎಷ್ಟು ಓಲಾಡಿದರೂ ಗಾಲಿ ನೆಲ ಬಿಡುವುದು ಕಡಿಮೆ. ನನ್ನ ಸ್ನೇಹಿತನ ಹೊಸ ಎಸ್‌ಯುವಿಯ ಕ್ಲಿಯರೆನ್ಸ್ ಮತ್ತು ಕೋನಗಳೆಲ್ಲ ಚೆನ್ನಾಗಿವೆ, ಆದರೆ ಹಳ್ಳದ ದಾರಿಯಲ್ಲಿ ಒಂದು ಗಾಲಿ ಮೇಲೆದ್ದು ಸುಮ್ಮನೆ ತಿರುಗಿತು, ಗಾಡಿ ಮುಂದೆ ಹೋಗಲೇ ಇಲ್ಲ. ಕೋನ ಸರಿಯಿದ್ದೂ ಹೀಗೇಕೆ?
— ಓದುಗರು, ಹೊಸನಗರ

ಉತ್ತರ: ಕೋನಗಳು ಹೇಳುವುದು ದೇಹ ನೆಲಕ್ಕೆ ತಾಗದೆ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು. ಗಾಲಿ ನೆಲವನ್ನು ಹಿಡಿದುಕೊಂಡಿರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಬೆಟ್ಟ ಹತ್ತುವ ಹಳೆಯ ಜೀಪುಗಳನ್ನು ಕೊರಕಲಿನಲ್ಲಿ ಹಿಂದಿನಿಂದ ನೋಡಿದರೆ ಇದು ಅರ್ಥವಾಗುತ್ತದೆ. ಗಟ್ಟಿ ಆ್ಯಕ್ಸಲ್ಲಿನ ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಗುಂಡಿಯೊಳಗೆ ಒತ್ತಿ ಇಳಿಯುತ್ತದೆ. ಮುಂದಿನ ಆ್ಯಕ್ಸಲ್ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ವಾಲಿ, ನಡುವೆ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಕೂತವರ ತಲೆ ಸರಳಿಗೆ ಬಡಿದರೂ ನಾಲ್ಕು ಗಾಲಿಗಳಿಗೂ ನೆಲ ಸಿಗುತ್ತದೆ. ಪ್ರತಿ ಗಾಲಿಗೂ ಪ್ರತ್ಯೇಕ ಸಸ್ಪೆನ್ಷನ್ ಇರುವ ಗಾಡಿಯಲ್ಲಿ ಒಂದು ಗಾಲಿ ಮೇಲೇರಿದ ಮಾತ್ರಕ್ಕೆ ಇನ್ನೊಂದು ಕೆಳಗಿಳಿಯುವುದಿಲ್ಲ. ಮೇಲಾಗಿ ತಿರುವುಗಳಲ್ಲಿ ದೇಹ ವಾಲದಂತೆ ಎರಡು ಗಾಲಿಗಳನ್ನು ಬೆಸೆಯುವ ಉಕ್ಕಿನ ಸರಳು ಏರಿದ ಗಾಲಿಯ ಜೊತೆ ಇನ್ನೊಂದನ್ನೂ ಮೇಲಕ್ಕೇ ಎಳೆಯುತ್ತದೆ. ಹೆದ್ದಾರಿಯಲ್ಲಿ ಸುಖ ಕೊಡುವ ಸರಳು ಹಳ್ಳದಲ್ಲಿ ಶತ್ರುವಾಗುತ್ತದೆ. ಜೀಪ್ ರ‍್ಯಾಂಗ್ಲರ್ ರುಬಿಕಾನ್‌ನಲ್ಲಿ ಮುಂದಿನ ಸರಳನ್ನು ಒಂದು ಗುಂಡಿ ಒತ್ತಿ ಬಿಡಿಸುವ ವ್ಯವಸ್ಥೆ ಇರುವುದು ಇದಕ್ಕಾಗಿಯೇ.

ಈ ಹೊಂದಿಕೊಳ್ಳುವ ಗುಣವನ್ನು ಅಳೆಯಲು 20 ಡಿಗ್ರಿಯ ಇಳಿಜಾರಿನ ಮೇಲೆ ಒಂದೇ ಮುಂದಿನ ಗಾಲಿಯನ್ನು ಹತ್ತಿಸುತ್ತಾರೆ. ಬೇರೆ ಯಾವುದಾದರೂ ಗಾಲಿ ನೆಲ ಬಿಡುವ ಮೊದಲು ಆ ಗಾಲಿ ಇಳಿಜಾರಿನ ಮೇಲೆ ಎಷ್ಟು ದೂರ ಹೋಯಿತೋ ಅದನ್ನು ವ್ಹೀಲ್‌ಬೇಸಿನಿಂದ ಭಾಗಿಸಿ ಸಾವಿರದಿಂದ ಗುಣಿಸುತ್ತಾರೆ. ನಮ್ಮ ಷೋರೂಮುಗಳಲ್ಲಿ ಈ ಅಂಕಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಕಾಡುದಾರಿಯಲ್ಲಿ ಓಡಿಸುವವರಿಗೆ ಅದು ಸನ್‌ರೂಫಿಗಿಂತ ಉಪಯುಕ್ತ ಮಾಹಿತಿ.

ಗಾಲಿ ಎದ್ದಮೇಲೆ ಏನಾಗುತ್ತದೆ ಎಂಬುದು ಡಿಫರೆನ್ಷಿಯಲ್ಲಿನ ವಿಷಯ. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗಳಿಗೆ ಸಮನಾದ ತಿರುಚುಬಲ ಕೊಡುತ್ತದೆ. ಗಾಳಿಯಲ್ಲಿರುವ ಗಾಲಿಯನ್ನು ತಿರುಗಿಸಲು ಬಲವೇ ಬೇಡವಾದ್ದರಿಂದ ನೆಲದಲ್ಲಿರುವ ಗಾಲಿಗೂ ಏನೂ ಸಿಗುವುದಿಲ್ಲ. ಇದಕ್ಕೆ ಎರಡು ಪರಿಹಾರಗಳಿವೆ. ಸುಮ್ಮನೆ ತಿರುಗುವ ಗಾಲಿಗೆ ಬ್ರೇಕ್ ಹಿಡಿದು ಬಲವನ್ನು ಇನ್ನೊಂದಕ್ಕೆ ದಾಟಿಸುವುದು ಜಿಮ್ನಿಯ ರೀತಿ. ಎರಡೂ ಗಾಲಿಗಳನ್ನು ಒಂದೇ ಕಂಬಿಯಂತೆ ಬಿಗಿಯುವ ಲಾಕ್ ಇನ್ನೊಂದು. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಲಾಕ್ ಇದೆ. ನಿಮ್ಮ ಸ್ನೇಹಿತರ ಗಾಡಿಯಲ್ಲಿ ಮೊದಲನೆಯ ವ್ಯವಸ್ಥೆ ಇದ್ದರೆ ಮುಂದಿನ ಸಲ ಗಾಲಿ ತಿರುಗತೊಡಗಿದಾಗ ಆ್ಯಕ್ಸಿಲರೇಟರ್ ಬಿಟ್ಟುಬಿಡದೆ ಸಣ್ಣಗೆ, ಒಂದೇ ಸಮನೆ ಒತ್ತಿ ಹಿಡಿಯಲು ಹೇಳಿ. ಕಂಪ್ಯೂಟರಿಗೆ ಬ್ರೇಕ್ ಹಿಡಿಯಲು ಒಂದೆರಡು ಕ್ಷಣ ಬೇಕು. ಬಹಳ ಜನ ಅಷ್ಟರಲ್ಲಿ ಗಾಬರಿಯಾಗಿ ಕಾಲು ತೆಗೆದುಬಿಡುತ್ತಾರೆ.

ಪ್ರಶ್ನೆ: ನನ್ನ ಜಿಮ್ನಿಗೆ ದೊಡ್ಡ ಟೈರು ಹಾಕಿಸಿ, ಸಸ್ಪೆನ್ಷನ್ ಎರಡು ಇಂಚು ಎತ್ತರಿಸಿದರೆ ಎಷ್ಟು ಲಾಭ?
— ಓದುಗರು, ಸುಳ್ಯ

ಉತ್ತರ: ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. ಕಂಪನಿಯ ಟೈರಿನ ಅಳತೆ 195/80 ಆರ್15, ವ್ಯಾಸ 693 ಮಿ.ಮೀ. ಹೆಚ್ಚಿನವರು ಹಾಕಿಸುವ 215/75 ಆರ್15ರ ವ್ಯಾಸ ಸುಮಾರು 703. ಹತ್ತು ಮಿ.ಮೀ. ವ್ಯಾಸದಲ್ಲಿ ಅರ್ಧ ಮಾತ್ರ ನೆಲದಿಂದ ಮೇಲೆತ್ತುವ ಕೆಲಸಕ್ಕೆ ಬರುವುದರಿಂದ ನಿಮಗೆ ಸಿಗುವುದು 5 ಮಿ.ಮೀ. ಅಗಲವಾದ ಟೈರು ಕೆಸರಿನಲ್ಲಿ ಹಿಡಿತ ಕೊಟ್ಟೀತು, ಎತ್ತರವನ್ನಲ್ಲ. 235/75 ಹಾಕಿಸಿದರೆ 20 ಮಿ.ಮೀ. ಸಿಗುತ್ತದೆ, ಆದರೆ ಸ್ಪೀಡೋಮೀಟರಿನ ಲೆಕ್ಕ ಸುಮಾರು ಶೇ. 6ರಷ್ಟು ತಪ್ಪುತ್ತದೆ ಮತ್ತು ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಸಾಧ್ಯತೆಯಿದೆ. ಸಸ್ಪೆನ್ಷನ್ ಎತ್ತರಿಸಿದರೆ ದೇಹ ಮೇಲೇರಿ ಮೂರೂ ಕೋನಗಳು ಹೆಚ್ಚುತ್ತವೆ, ಸರಿ. ಜಿಮ್ನಿಯದು ಗಟ್ಟಿ ಆ್ಯಕ್ಸಲ್ ಆದ್ದರಿಂದ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತರಿಸಬಲ್ಲದ್ದು ಟೈರು ಮಾತ್ರ.

ಎತ್ತರಿಸಿದ್ದಕ್ಕೆ ತೆರುವ ಬೆಲೆ ಪಕ್ಕದ ಇಳಿಜಾರಿನಲ್ಲಿ ತಿಳಿಯುತ್ತದೆ. ಎಡಬಲ ಗಾಲಿಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದ ಅಂಕಿಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಗಾಡಿ ಮಗುಚುವ ಅಪಾಯವನ್ನು ಅಳೆಯಲು ಬಳಸುತ್ತದೆ. ಕಾರುಗಳಿಗೆ ಅದು ಸಾಮಾನ್ಯವಾಗಿ 1.3ರಿಂದ 1.5, ಎಸ್‌ಯುವಿಗಳಿಗೆ 1.0ರಿಂದ 1.3. ಗಾಲಿಗಳ ಅಗಲ 1,400 ಮಿ.ಮೀ., ಗುರುತ್ವ ಕೇಂದ್ರ 640 ಮಿ.ಮೀ. ಎತ್ತರದಲ್ಲಿರುವ ಗಾಡಿಯೊಂದನ್ನು ಉದಾಹರಣೆಗೆ ತೆಗೆದುಕೊಂಡರೆ ಅಂಕಿ ಸುಮಾರು 1.09. ಎರಡು ಇಂಚು ಎತ್ತರಿಸಿದರೆ 1.01ಕ್ಕೆ ಇಳಿಯುತ್ತದೆ. ಮೇಲೆ ಕ್ಯಾರಿಯರ್, ಅದರ ಮೇಲೆ ಡೇರೆ ಮತ್ತು ನೀರಿನ ಕ್ಯಾನು ಕಟ್ಟಿದರೆ ಇನ್ನೂ ಕೆಳಗೆ. ಜೊತೆಗೆ ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅಪಘಾತವಾದ ಮೇಲೆ ವಿಮೆಯವರು ಮೊದಲು ಕೆದಕುವುದು ಇದನ್ನೇ. ಆ ಹಣದಲ್ಲಿ ಅಡಿಭಾಗಕ್ಕೆ ಒಳ್ಳೆಯ ಉಕ್ಕಿನ ತಗಡು ಹಾಕಿಸಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಗಾಡಿ 650 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಎಂದರೆ ಮಳೆಗಾಲದಲ್ಲಿ ಕಿರುಸೇತುವೆಯ ಮೇಲೆ ಎರಡು ಅಡಿ ನೀರು ಹರಿಯುವಾಗ ದಾಟಬಹುದೇ? ಸ್ನಾರ್ಕೆಲ್ ಹಾಕಿಸಿದರೆ?
— ಓದುಗರು, ಹೊನ್ನಾವರ

ಉತ್ತರ: ದಯವಿಟ್ಟು ದಾಟಬೇಡಿ. ಥಾರ್‌ನ 650, ಗೂರ್ಖಾದ 700, ಡಿಫೆಂಡರ್‌ನ 900 ಮಿ.ಮೀ. ಇವೆಲ್ಲ ನಿಂತ ಅಥವಾ ಮೆಲ್ಲಗೆ ಹರಿಯುವ ನೀರಿನಲ್ಲಿ, ಗಟ್ಟಿ ತಳದ ಮೇಲೆ, ನಡಿಗೆಯ ವೇಗದಲ್ಲಿ ಹೋಗುವುದಕ್ಕೆ ಹೇಳಿದ ಆಳಗಳು. ಬಾಗಿಲುಗಳ ರಬ್ಬರು ಗಟ್ಟಿಯಿರುವ ಇಂದಿನ ಗಾಡಿ ನೀರಿನಲ್ಲಿ ಒಂದು ಮುಚ್ಚಿದ ಪೆಟ್ಟಿಗೆ. ನಾಲ್ಕು ಮೀಟರ್ ಉದ್ದ, 1.7 ಮೀಟರ್ ಅಗಲದ ದೇಹ ಮುಳುಗತೊಡಗಿದರೆ ತಳದಿಂದ ಮೇಲಿನ ಪ್ರತಿ 10 ಸೆಂ.ಮೀ. ನೀರು ಅದನ್ನು ಹೆಚ್ಚೆಂದರೆ 680 ಕಿಲೋ ಬಲದಿಂದ ಮೇಲೆತ್ತಬಲ್ಲದು. 1,600 ಕಿಲೋ ತೂಕದ ಗಾಡಿಯ ತಳದಿಂದ ಸುಮಾರು ಒಂದು ಮೊಳದೊಳಗೇ ನೀರು ಏರುವಷ್ಟರಲ್ಲಿ ಗಾಲಿಗಳ ಮೇಲಿನ ಭಾರ ಬಹುಪಾಲು ಹೋಗಿರುತ್ತದೆ, ಹಿಡಿತವೂ ಅದರ ಜೊತೆಗೇ. ಆಮೇಲೆ ಪಕ್ಕದಿಂದ ಬರುವ ಸೆಳೆತ ಗಾಡಿಯನ್ನು ಸೇತುವೆಯ ಅಂಚಿಗೆ ತಳ್ಳುತ್ತದೆ. ನೆಲದಿಂದ ಎತ್ತರವಿರುವ ಗಾಡಿ ತೇಲಲು ಸ್ವಲ್ಪ ಹೆಚ್ಚು ನೀರು ಬೇಕು, ಅಷ್ಟೇ ವ್ಯತ್ಯಾಸ. ಕಂಬಿಯಿಲ್ಲದ ಕಿರುಸೇತುವೆಯಲ್ಲಿ ಅಂಚು ಎಲ್ಲಿದೆ ಎಂಬುದೂ ಕೆಂಪು ನೀರಿನಲ್ಲಿ ಕಾಣುವುದಿಲ್ಲ.

ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿಯನ್ನು ಎತ್ತರದಿಂದ ಎಳೆದುಕೊಡುತ್ತದೆ. ಸಿಲಿಂಡರಿಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗುವುದನ್ನು ಅದು ತಪ್ಪಿಸಬಹುದು. ವಿದ್ಯುತ್ ಜೋಡಣೆಗಳಿಗೆ, ಆ್ಯಕ್ಸಲ್ಲಿನ ಉಸಿರುಕೊಳವೆಗಳಿಗೆ, ತೇಲುವ ದೇಹಕ್ಕೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ನಿಂತ ನೀರಿನಲ್ಲಿ ಹೋಗಲೇಬೇಕಾದರೆ ಮೊದಲು ಯಾರಾದರೂ ಕೋಲು ಹಿಡಿದು ನಡೆದು ಆಳ ನೋಡಲಿ. ಅನಂತರ ಲೋ ಗೇರಿನಲ್ಲಿ, ಮೂತಿಯ ಮುಂದೆ ಒಂದು ಸಣ್ಣ ಅಲೆ ಮಾತ್ರ ಏಳುವಷ್ಟು ವೇಗದಲ್ಲಿ, ನಿಲ್ಲಿಸದೆ ಹೋಗಿ. ಆಚೆ ದಡ ತಲುಪಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ವಾರದೊಳಗೆ ಆ್ಯಕ್ಸಲ್ ಎಣ್ಣೆಯನ್ನು ನೋಡಿಸಿ. ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ.

ಪ್ರಶ್ನೆ: ವಿದ್ಯುತ್ ಚಾಲಿತ ಎಸ್‌ಯುವಿಗಳು ಕಚ್ಚಾ ದಾರಿಗೆ ಆಗಿಬರುತ್ತವೆಯೇ?
— ಓದುಗರು, ಮೈಸೂರು

ಉತ್ತರ: ಮೂತಿ ಗಿಡ್ಡವಾಗಿಸಲು ಅವುಗಳಲ್ಲಿ ಅವಕಾಶ ಹೆಚ್ಚು, ಏಕೆಂದರೆ ಮೋಟಾರು ಸಣ್ಣದು. ಬ್ಯಾಟರಿಯ ಭಾರವೆಲ್ಲ ತಳದಲ್ಲಿರುವುದರಿಂದ ಮಗುಚುವ ಅಪಾಯ ಕಡಿಮೆ, ಮೆಲ್ಲಗೆ ಹತ್ತುವಾಗ ಬಲವನ್ನು ಹನಿಹನಿಯಾಗಿ ಬಿಡುವುದೂ ಸುಲಭ. ತೊಡಕು ಇರುವುದು ಹೊಟ್ಟೆಯಲ್ಲೇ. ಬ್ಯಾಟರಿಗೆ ಜಾಗ ಮಾಡಲು ವ್ಹೀಲ್‌ಬೇಸನ್ನು ಉದ್ದ ಮಾಡುತ್ತಾರೆ, ಆ ಉದ್ದದ ತುಂಬ ಬ್ಯಾಟರಿ ಪೆಟ್ಟಿಗೆಯನ್ನೇ ಹಾಸುತ್ತಾರೆ; ಎರಡೂ ಸೇರಿ ಬ್ರೇಕ್‌ಓವರ್ ಕೋನವನ್ನು ತಗ್ಗಿಸುತ್ತವೆ. ಕೆರೆದರೆ ಸೈಲೆನ್ಸರಿನಂತೆ ಬೆಸುಗೆ ಹಾಕಿಸಿ ಮುಗಿಸುವ ಭಾಗವೂ ಅದಲ್ಲ. ಕೊಳ್ಳುವ ಮುನ್ನ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ ತೋರಿಸುವಂತೆ ಕೇಳಿ, ಬ್ಯಾಟರಿಯ ಕೆಳಗಿನ ರಕ್ಷಣಾ ತಗಡಿನ ದಪ್ಪವನ್ನು ನೋಡಿ, ಕೆಳಭಾಗಕ್ಕೆ ಕಲ್ಲಿನ ಪೆಟ್ಟು ಬಿದ್ದರೆ ಬ್ಯಾಟರಿಯ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ.